ಪ್ರಶ್ನೋತ್ತರ: ಟ್ಯಾಂಕ್ ಕಿಟ್ ಸ್ಕೇಲಿಗೆ ಸರಿ ಇದೆಯಾ?

ಅಡ್ಮಿನ್: ಇವತ್ತು ಪ್ಲಾಸ್ಟಿಕ್ ಟ್ಯಾಂಕ್ ಕಿಟ್‌ಗಳ ಅಳತೆ ಬಗ್ಗೆ ಕೇಳಿ. ಉತ್ತರಿಸುವವರು ವೃತ್ತಿಪರ ಮಾಡಲ್ ಮೇಕರ್ 'ಅಳತೆಪಟ್ಟಿ'.

ಸ್ಪ್ರೂಕಟ್ಟರ್: ಸರ್, 1/35 ಸ್ಕೇಲಿನ (ಅಸಲಿಯ 35ನೇ ಒಂದು ಭಾಗ) ಸೋವಿಯತ್ ಟ್ಯಾಂಕ್ ಟಿ-55 ಕಟ್ಟೋಕೆ ಮುಂಚೆ ಏನು ಅಳೀಬೇಕು? ಉದ್ದ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.

ಅಳತೆಪಟ್ಟಿ: ಉದ್ದ ಬಿಡಿ. ಒಬ್ಬರು ಹಿಂದಿನ ಇಂಧನದ ಡ್ರಮ್ ಸೇರಿಸಿರ್ತಾರೆ, ಇನ್ನೊಬ್ಬರು ಬಿಟ್ಟಿರ್ತಾರೆ. ಗಾಲಿಯ ವ್ಯಾಸ 810 ಮಿ.ಮೀ., ಟ್ರ್ಯಾಕ್ (ಗಾಲಿಗಳ ಸುತ್ತ ಓಡೋ ಚೈನು) ಅಗಲ 580, ಟ್ಯಾಂಕಿನ ಅಗಲ 3,270. ಕಿಟ್‌ನಲ್ಲಿ ಇವು 23.1, 16.6, 93.4 ಬರಬೇಕು. ಗಾಲಿ 22.9 ಬಂದರೆ ತಲೆ ಕೆಡಿಸ್ಕೋಬೇಡಿ, ಅಸಲಿ ರಬ್ಬರೂ ಸವೀತದೆ. ಮೂರೂ ಒಂದೇ ಪ್ರಮಾಣದಲ್ಲಿ ಕಮ್ಮಿ ಇದ್ದರೆ ಕಿಟ್‌ನ ಸ್ಕೇಲೇ ಬೇರೆ. ಒಂದೇ ಕಮ್ಮಿ ಇದ್ದರೆ ಆ ಭಾಗ ತಪ್ಪು.

ಹುಬ್ಳಿಹವ್ಯಾಸಿ: ಆರಡಿ ಸೈನಿಕ 1/35ನಲ್ಲಿ ಎಷ್ಟು ಬರ್ತಾನ್ರಿ?

ಅಳತೆಪಟ್ಟಿ: 52 ಮಿ.ಮೀ.

ಒಲಿವ್‌ಗ್ರೀನ್: ಭಾರತೀಯ ಟಿ-55ಗೆ ಯಾವ ಹಸಿರು ಹೊಡೀಬೇಕು ಸರ್?

ಸರ್ಕಲ್‌ಟ್ಯಾಂಕ್: ನಮ್ಮೂರ ಸರ್ಕಲ್ಲಲ್ಲಿ ಸ್ಮಾರಕವಾಗಿ ಟಿ-55 ನಿಲ್ಲಿಸಿದ್ದಾರೆ. 5 ಮೀಟರ್ ದೂರದಿಂದ ಮೊಬೈಲಲ್ಲಿ ಪಕ್ಕದ ಫೋಟೊ ತೆಗೆದು, ಗಾಲಿ 810 ಅಂತ ಹಿಡಿದು ಲೆಕ್ಕ ಹಾಕಿದೆ. ಕಿಟ್‌ನ ಬ್ಯಾರೆಲ್ ವಿಪರೀತ ಉದ್ದ ಅಂತ ಬಂತು. ಅಲ್ಲದೆ ಅಸಲಿಯಲ್ಲಿ ಬ್ಯಾರೆಲ್ಲಿನ ಉಬ್ಬು ನಡುವೆ ಇದೆ, ಕಿಟ್‌ನಲ್ಲಿ ಬಾಯಿ ಹತ್ತಿರ. ಮಾಡ್ತಿರೋದು 1971ರ ಟ್ಯಾಂಕ್. ಕತ್ತರಿಸಲಾ?

ಅಳತೆಪಟ್ಟಿ: ಬ್ಲೇಡ್ ಕೆಳಗಿಡಿ! ಇಲ್ಲಿ ಎರಡು ಸಮಸ್ಯೆ ಸೇರ್ಕೊಂಡಿವೆ.

ಒಂದು, ಫೋಟೊ. ಬ್ಯಾರೆಲ್ ಇರೋದು ಟ್ಯಾಂಕಿನ ನಡುಗೆರೆಯಲ್ಲಿ, ನಿಮ್ಮ ಕಡೆಯ ಗಾಲಿಗಿಂತ ಸುಮಾರು 1.4 ಮೀಟರ್ ಆಚೆ. ಗಾಲಿ 5 ಮೀಟರ್ ದೂರ, ಬ್ಯಾರೆಲ್ 6.4. ಅಲ್ಲಿಗೆ ಫೋಟೊದಲ್ಲಿ ಬ್ಯಾರೆಲ್ ಐದನೇ ಒಂದು ಭಾಗಕ್ಕಿಂತ ಹೆಚ್ಚು ಗಿಡ್ಡ ಕಾಣತ್ತೆ. ಟ್ಯಾಂಕಿನಿಂದ 20 ಮೀಟರ್ ದೂರಕ್ಕೆ ಹೋಗಿ, ಜೂಮ್ ಮಾಡಿ, ಮೊಬೈಲನ್ನ ಗಾಲಿಯ ಎತ್ತರಕ್ಕೆ ಹಿಡಿದು ತೆಗೀರಿ. ಆಗಲೂ ಬಂದ ಉದ್ದವನ್ನ 1.07ರಿಂದ ಗುಣಿಸಿ.

ಎರಡು, ಉಬ್ಬು. ಅದು ಗುಂಡು ಹಾರಿದ ಮೇಲೆ ಹೊಗೆಯನ್ನ ಹೊರಗೆಳೆಯೋ ಕೋಶ. ಟಿ-55ರ ಮೂಲ 100 ಮಿ.ಮೀ. ತೋಪಿನಲ್ಲಿ ಬಾಯಿಗೇ ಅಂಟಿರುತ್ತೆ. ನಮ್ಮ ಸೇನೆ ಆಮೇಲೆ ಅನೇಕ ಟಿ-55ಗಳಿಗೆ 105 ಮಿ.ಮೀ. ತೋಪು ಹಾಕಿಸಿತು, ಅದರಲ್ಲಿ ಉಬ್ಬು ನಡುವೆ. ನಿಮ್ಮ ಸರ್ಕಲ್ಲಿನದು ಮರು-ತೋಪಿನ ಟ್ಯಾಂಕು. 1971ಕ್ಕೆ ಕಿಟ್‌ನ ಬ್ಯಾರೆಲ್ಲೇ ಸರಿ. ಸ್ಮಾರಕದ ಟ್ಯಾಂಕಿನಿಂದ ಗಾಲಿ, ಟ್ರ್ಯಾಕ್ ಅಳತೆ ತಗೊಳ್ಳಿ. ತೋಪು, ಪೆಟ್ಟಿಗೆ, ದೀಪ, ಬಣ್ಣ ನಂಬಬೇಡಿ. ಹತ್ತು ಕೋಟ್ ಪೇಂಟಿನಡಿ ವೆಲ್ಡಿಂಗ್ ಗೆರೆಯೂ ಮುಚ್ಚಿಹೋಗಿರುತ್ತೆ.

ಚೈನ್‌ಲಿಂಕ್: ಮೊದಲ ಎರಡು ಗಾಲಿ ಮಧ್ಯೆ ಜಾಗ ಜಾಸ್ತಿ ಇದೆ. ಅದೂ ಕಿಟ್‌ನ ತಪ್ಪೇ ತಾನೆ?

ರಿವೆಟ್‌ಎಣಿಕೆ: ಅದೇ ಟಿ-55ರ ಗುರುತು ಮಾರಾಯ. ಹಿಂದಿನ ಗಾಲಿಗಳ ಮಧ್ಯೆ ಜಾಗ ಇದ್ದರೆ ಟಿ-62. ಅಷ್ಟೂ ಗೊತ್ತಿಲ್ದೆ ಕಿಟ್ ಬೈಯೋದು.

ಚೈನ್‌ಲಿಂಕ್: ಕೇಳಿದ್ದು ನಿಮ್ಮನ್ನಲ್ಲ. 1/35 ಅನ್ನೋ ಸ್ಕೇಲೇ ಲೆಕ್ಕಕ್ಕೆ ಹುಟ್ಟಿದ್ದಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ಕಿಟ್ ಕಂಪನಿ ತಮಿಯಾದವರು ಜರ್ಮನ್ ಟ್ಯಾಂಕ್ ಪ್ಯಾಂಥರ್ ಕಿಟ್‌ನ ಗಾತ್ರ ಇಟ್ಟಿದ್ದು ಮೋಟರು, ಬ್ಯಾಟರಿ ಹಿಡಿಸಲಿ ಅಂತ. ಅದಕ್ಕೆ ನೀವು ಕ್ಯಾಲಿಪರ್ ಹಿಡೀತೀರಿ!

ರಿವೆಟ್‌ಎಣಿಕೆ: ಹೇಗೇ ಹುಟ್ಟಲಿ, ಡಬ್ಬಿ ಮೇಲೆ 35 ಅಂತ ಬರೆದ ಮೇಲೆ 35 ಇರಬೇಕು. ಅಗಲದಲ್ಲಿ 2% ತಪ್ಪಿದರೆ ಹತ್ತಿರ ಹತ್ತಿರ 2 ಮಿ.ಮೀ. ಪಕ್ಕದಲ್ಲಿ ಬೇರೆ ಟ್ಯಾಂಕ್ ಇಟ್ಟರೆ ಕುರುಡನಿಗೂ ಕಾಣತ್ತೆ.

ಚೈನ್‌ಲಿಂಕ್: ನಿಮಗೆ ಮಾತ್ರ.

ಮೈಸೂರುಮಾಡಲ್ಸ್: ಫಾರ್ವರ್ಡ್ ಬಂದಿದೆ: "ಕಿಟ್ ಚಿಕ್ಕದಿದ್ದರೆ ಕುದಿಯುವ ನೀರಲ್ಲಿ 10 ನಿಮಿಷ ಇಡಿ, ಪ್ಲಾಸ್ಟಿಕ್ ಹಿಗ್ಗಿ ಸರಿ ಸ್ಕೇಲಿಗೆ ಬರುತ್ತದೆ." ನಿಜವೇ?

ಅಳತೆಪಟ್ಟಿ: ಸುಳ್ಳು. 170 ಮಿ.ಮೀ. ಒಡಲು (ಹಲ್) ಬಿಸಿಗೆ ಹಿಗ್ಗೋದೇ ಒಂದು ಮಿ.ಮೀ.ಗಿಂತ ಕಮ್ಮಿ, ಆರಿದ ಮೇಲೆ ವಾಪಸ್. ಕಿಟ್‌ನ ಪ್ಲಾಸ್ಟಿಕ್ಕು, ಅಂದ್ರೆ ಪಾಲಿಸ್ಟೈರೀನ್, 100 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಿ ತಿರುಚಿಕೊಳ್ಳುತ್ತೆ. ಒಡಲಿನ ಮೇಲ್ಭಾಗವೂ ಕೆಳಭಾಗವೂ ಮತ್ತೆ ಕೂಡಲ್ಲ. ಇದನ್ನ ಇನ್ನೊಬ್ಬರಿಗೆ ಕಳಿಸಬೇಡಿ.

ಮೈಸೂರುಮಾಡಲ್ಸ್: ಹಾಗಾದ್ರೆ ಅಸಿಟೋನ್ ಒರೆಸಿದರೆ?

ಅಳತೆಪಟ್ಟಿ: ಕರಗುತ್ತೆ. ಫಾರ್ವರ್ಡ್ ಓದೋದು ನಿಲ್ಲಿಸಿ.

ಪ್ರಿಂಟ್‌ಔಟ್: ಟ್ಯಾಂಕಿನ 1/35 ಡ್ರಾಯಿಂಗ್ ಪ್ರಿಂಟ್ ತೆಗೆದು, ಕಿಟ್‌ನ ಭಾಗ ಅದರ ಮೇಲಿಟ್ಟು ನೋಡಿದೆ, ಕಿಟ್ ಎಲ್ಲಾ ಕಡೆ ದೊಡ್ಡದು.

ಅಳತೆಪಟ್ಟಿ: ಪ್ರಿಂಟರ್ 'ಪುಟಕ್ಕೆ ಹೊಂದಿಸು' ಅಂತ ಕುಗ್ಗಿಸಿದೆ. 100%ಗೆ ಹಾಕಿ, ಮೊದಲು ಅದರಲ್ಲಿರೋ ಸ್ಕೇಲ್ ಪಟ್ಟಿಯನ್ನ ಅಳೀರಿ. ಡ್ರಾಯಿಂಗಿನ ಅರ್ಧ ಮಿ.ಮೀ. ಗೆರೆ ಅಂದ್ರೆ ಅಸಲಿಯಲ್ಲಿ 17.5 ಮಿ.ಮೀ., ಗೆರೆಯ ಯಾವ ಅಂಚು ಹಿಡಿದಿರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಫೆಂಡರ್: ಟ್ರ್ಯಾಕ್ ಮೇಲಿನ ಫೆಂಡರ್ (ಮಡ್‌ಗಾರ್ಡ್) 1 ಮಿ.ಮೀ. ದಪ್ಪ ಇದೆ ಸರ್.

ಅಳತೆಪಟ್ಟಿ: ಅಸಲಿಯಲ್ಲಿ ಅದು 35 ಮಿ.ಮೀ. ತಗಡಾಗುತ್ತೆ. ಕಣ್ಣಿಗೆ ಬೀಳೋದು ಅಂಚು ಮಾತ್ರ. ಕೆಳಗಡೆಯಿಂದ, ಅಂಚಿನಿಂದ 3 ಮಿ.ಮೀ. ಒಳಗಿನವರೆಗೆ ಬ್ಲೇಡಿನಲ್ಲಿ ಇಳಿಜಾರಾಗಿ ಕೆರೀರಿ. ಪೂರ್ತಿ ತೆಳು ಮಾಡಿದ್ರೆ ಸೊಟ್ಟಗಾಗುತ್ತೆ.

ಹೊಸಬ99: ಸರ್, 1/35 ಟಿ-55ರಲ್ಲಿ ಮೊದಲು ಏನು ಅಳೀಬೇಕು?

ಅಳತೆಪಟ್ಟಿ: ಮೇಲೆ ಓದಿ.

ರಿವೆಟ್‌ಎಣಿಕೆ: ಓದೋ ಅಭ್ಯಾಸ ಇದ್ದರಲ್ಲವೇ.

ಅಡ್ಮಿನ್: ಸ್ವಲ್ಪ ಮರ್ಯಾದೆ ಇರಲಿ.

ಒಲಿವ್‌ಗ್ರೀನ್: ಹಸಿರು ಬಣ್ಣ ಸರ್?