ಹೇಳಿದ್ದೆಷ್ಟು, ಸೂಚಿಸಿದ್ದೆಷ್ಟು: ಗದ್ಯಭಾಗದ ಪ್ರಶ್ನೆಗಳ ಬಗ್ಗೆ

ಪ್ರಶ್ನೆ (ಮಂಡ್ಯದಿಂದ):
ಗುರುಗಳೇ, ನಾನು ಕೇಂದ್ರ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ ಓದುತ್ತಿದ್ದೇನೆ. ಅದರ ಸಿಸ್ಯಾಟ್ (ಸಾಮರ್ಥ್ಯ ಪರೀಕ್ಷೆ) ಪತ್ರಿಕೆಯಲ್ಲಿ ಲೆಕ್ಕಗಳು ಹೇಗೋ ಆಗುತ್ತವೆ, ಗದ್ಯಭಾಗ ಓದಿ ಉತ್ತರಿಸುವಲ್ಲಿ ಮಾತ್ರ ಪ್ರತಿ ಸಲವೂ ಎಡವುತ್ತೇನೆ. ಹೋದ ವಾರದ ಅಣಕು ಪರೀಕ್ಷೆಯಲ್ಲಿ ನೀರಾವರಿಯ ಬಗ್ಗೆ ಒಂದು ಭಾಗ ಬಂದಿತ್ತು. ನಾಲೆ ಏರಿಯ ಮೇಲೆ ಆಡಿ ಬೆಳೆದವನು ನಾನು, ಆದರೂ ನಾಲ್ಕರಲ್ಲಿ ಮೂರು ತಪ್ಪಾದವು. ಲೇಖಕರು ನೇರವಾಗಿ ಹೇಳಿದ್ದು ಯಾವುದು, ಸೂಚ್ಯವಾಗಿ ಇರುವುದು ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಉತ್ತರ (ಮೈಸೂರಿನ ಭಾಷಾ ಅಧ್ಯಾಪಕರಿಂದ):
ನೀವು ‘ಆದರೂ’ ಎಂದು ಬರೆದಲ್ಲಿ ನಾನು ‘ಆದ್ದರಿಂದಲೇ’ ಎಂದು ಓದಿಕೊಂಡೆ. ಏಕೆಂದು ತೋರಿಸಲು ಒಂದು ಸಣ್ಣ ಭಾಗವನ್ನು ನಾನೇ ಬರೆಯುತ್ತೇನೆ.

“ಜುಲೈ ಕೊನೆಯಾದರೂ ನಾಲೆಗೆ ನೀರು ಬಿಟ್ಟಿರಲಿಲ್ಲ. ಒಟ್ಟಲಿನಲ್ಲಿ ಪೈರು ಹಳದಿಗೆ ತಿರುಗಿತು. ಆ ವಾರ ಗೌಡರು ಎತ್ತಿನ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋದರು. ಸಂಜೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಒಬ್ಬರೇ ಮರಳಿದರು. ಮಗನೂ ಮಾತಾಡಲಿಲ್ಲ.”

‘ಆಗಸ್ಟ್‌ಗೆ ಮೊದಲು ನಾಲೆಯಲ್ಲಿ ನೀರು ಹರಿಯಲು ಬಿಟ್ಟಿರಲಿಲ್ಲ’ ಎಂಬ ಹೇಳಿಕೆ ಮೇಲಿನ ಪದಗಳನ್ನು ಹಾಗೇ ಬಳಸಿಲ್ಲ. ಆದರೂ ಇದು ನೇರವಾಗಿ ಹೇಳಿದ್ದೇ. ಪದ ಬದಲಾದ ಮಾತ್ರಕ್ಕೆ ವಾಚ್ಯಾರ್ಥವು ಸೂಚ್ಯವಾಗುವುದಿಲ್ಲ, ಅನೇಕರು ಮೊದಲು ಜಾರುವುದು ಇಲ್ಲಿಯೇ. ‘ಗೌಡರು ಎತ್ತುಗಳನ್ನು ಮಾರಿದರು’ ಎಂಬುದನ್ನು ಯಾರೂ ಹೇಳಿಲ್ಲ, ಆದರೆ ಭಾಗ ಅದನ್ನು ಸೂಚಿಸುತ್ತದೆ. ‘ಗೌಡರು ಸಾಲದಲ್ಲಿದ್ದರು’ ಎಂಬುದನ್ನು ಹೇಳಿಯೂ ಇಲ್ಲ, ಸೂಚಿಸಿಯೂ ಇಲ್ಲ. ಅದು ನಾವು ಸೇರಿಸಿದ್ದು.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ಅಳೆಯಲು ನಾನು ತರಗತಿಯಲ್ಲಿ ಒಂದೇ ಉಪಾಯ ಹೇಳುತ್ತೇನೆ: ಹೇಳಿಕೆಯನ್ನು ಸುಳ್ಳೆಂದು ಇಟ್ಟುಕೊಂಡು ಭಾಗವನ್ನು ಮತ್ತೊಮ್ಮೆ ಓದಿ. ಮಾರಲಿಲ್ಲ ಎಂದಿಟ್ಟುಕೊಂಡರೆ ಸಂತೆಗೆ ಹೋದದ್ದಕ್ಕೂ ಹಗ್ಗವೊಂದೇ ಮನೆಗೆ ಬಂದದ್ದಕ್ಕೂ ಅರ್ಥ ಸಿಗದೆ ಹೋಗುತ್ತದೆ. ಸಾಲವಿರಲಿಲ್ಲ ಎಂದಿಟ್ಟುಕೊಂಡರೆ ಒಂದು ಅಕ್ಷರಕ್ಕೂ ಧಕ್ಕೆಯಾಗುವುದಿಲ್ಲ.

ಇನ್ನು ನಾಲ್ಕನೆಯ ಆಯ್ಕೆ, ‘ಕಟ್ಟೆಯಲ್ಲಿ ನೀರಿರಲಿಲ್ಲ’. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ನಿಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಮಳೆಗಾಲದ ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಕಣ್ಣು ಮೊದಲು ಹುಡುಕುವುದೇ ಆ ದಿನದ ಮಟ್ಟವನ್ನು. ಹೀಗಾಗಿ ನಾಲೆ ಒಣಗಿದೆ ಎಂದೊಡನೆ ಕಟ್ಟೆ ತುಂಬಿಲ್ಲ ಎಂದು ಮನಸ್ಸು ತಾನಾಗಿ ಪೂರ್ತಿಮಾಡಿಕೊಳ್ಳುತ್ತದೆ. ನಾಲೆಯ ದುರಸ್ತಿಗಾಗಿ ನೀರು ತಡೆದಿರಬಹುದು ಎಂಬ ಸಾಧ್ಯತೆಯನ್ನು ಭಾಗ ಎಲ್ಲಿಯೂ ತಳ್ಳಿಹಾಕಿಲ್ಲ. ನೀರಾವರಿಯನ್ನೇ ಕಾಣದ ಅಭ್ಯರ್ಥಿ ಈ ಆಯ್ಕೆಗೆ ಬೀಳುವುದು ಕಡಿಮೆ, ನೀವು ಬೀಳುತ್ತೀರಿ.

ಸೂಚ್ಯಾರ್ಥ ಘಟನೆಗಳಲ್ಲಿ ಮಾತ್ರ ಇರುತ್ತದೆ ಎಂದು ತಿಳಿಯಬೇಡಿ. ಕನ್ನಡದಲ್ಲಿ ಅದು ಬಹಳ ಸಲ ಪದದ ಬಾಲದಲ್ಲಿ ಅಡಗಿರುತ್ತದೆ. ‘ಕೊನೆಯಾದರೂ’ ಎಂದಾಗ ನೀರು ಅದಕ್ಕೂ ಮುಂಚೆ ಬರಬೇಕಿತ್ತು ಎಂಬ ನಿರೀಕ್ಷೆಯಿದೆ. ‘ಮಗನೂ’ ಎಂಬಲ್ಲಿನ ‘ಊ’ ಒಂದನ್ನೇ ಹಿಡಿದುಕೊಂಡು, ಗೌಡರೋ ಮನೆಯ ಇನ್ನೊಬ್ಬರೋ ಮಾತಾಡಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ‘ನೀರು ಬಿಡುತ್ತಾರಂತೆ’ ಎಂದು ಬರೆದಿದ್ದರೆ ಆ ಸುದ್ದಿಗೆ ಲೇಖಕರು ಹೊಣೆಯಲ್ಲ, ಅವರದು ಕೇಳಿದ ಮಾತು ಅಷ್ಟೇ. ಸಿಸ್ಯಾಟ್‌ನ ಗದ್ಯಭಾಗಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ, ನಿಜ. ಅಲ್ಲಿ ಇದೇ ಕೆಲಸವನ್ನು ‘ಸ್ಟಿಲ್’, ‘ಈವನ್’, ‘ಓನ್ಲಿ’ಯಂಥ ಪುಟ್ಟ ಪದಗಳು ಮಾಡುತ್ತವೆ. ಅವುಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಬ್ಬ ಸದಸ್ಯರು (ಮೈಸೂರು, ಕುವೆಂಪುನಗರ):
ಒಂದು ಆಕ್ಷೇಪಣೆ. ಗೌಡರು ಎತ್ತುಗಳನ್ನು ನೆಂಟರ ಮನೆಯಲ್ಲಿ ಬಿಟ್ಟುಬಂದಿರಬಹುದಲ್ಲವೇ? ಕಾವ್ಯದಲ್ಲಿ ಇಂತಹ ಹಲವು ಅರ್ಥಗಳನ್ನು ಮೆಚ್ಚುತ್ತೇವೆ, ಪರೀಕ್ಷೆಯಲ್ಲಿ ಏಕೆ ಒಂದಕ್ಕೇ ಕಟ್ಟಿಹಾಕಬೇಕು?

ಉತ್ತರ:
ಸರಿಯಾದ ಆಕ್ಷೇಪಣೆ. ‘ಸೂರ್ಯ ಮುಳುಗಿದ’ ಎಂಬ ಒಂದೇ ವಾಕ್ಯ ದನ ಕಾಯುವವನಿಗೆ ಮನೆಗೆ ಹೊರಡುವ ಹೊತ್ತನ್ನೂ, ವ್ಯಾಪಾರಿಗೆ ಸರಕು ಕಟ್ಟುವ ಹೊತ್ತನ್ನೂ ಧ್ವನಿಸುತ್ತದೆ ಎಂದು ನಮ್ಮ ಆಲಂಕಾರಿಕರೇ ತೋರಿಸಿದ್ದಾರೆ. ಆದರೆ ಪ್ರಶ್ನೆಪತ್ರಿಕೆ ಕೇಳುವುದು ಸಾಧ್ಯವಿರುವ ಅರ್ಥವನ್ನಲ್ಲ, ಅತ್ಯಂತ ತರ್ಕಬದ್ಧವಾದ ತೀರ್ಮಾನವನ್ನು. ನೆಂಟರ ಮನೆಯನ್ನು ನೀವು ಹೊಸದಾಗಿ ಕಟ್ಟಬೇಕಾಯಿತು, ಸಂತೆ ಭಾಗದಲ್ಲೇ ಇದೆ. ಆದರೆ ಆಯ್ಕೆಯಲ್ಲಿ ‘ಗೌಡರು ಬೇಸಾಯವನ್ನೇ ಬಿಟ್ಟರು’ ಎಂದಿದ್ದು ಅದನ್ನೇ ಸರಿಯೆಂದು ಕೊಟ್ಟಿದ್ದರೆ ನಾನು ನಿಮ್ಮ ಪಕ್ಷ. ಅಣಕು ಪರೀಕ್ಷೆಗಳ ಕೀಲಿ ಉತ್ತರಗಳಲ್ಲಿ ಅಂತಹ ಅತಿರೇಕಗಳನ್ನು ನಾನೇ ಕಂಡಿದ್ದೇನೆ.

ಪ್ರಶ್ನೆ (ಮಂಡ್ಯದಿಂದ, ಮತ್ತೆ):
ಎರಡು ಗಂಟೆಯಲ್ಲಿ 80 ಪ್ರಶ್ನೆಗಳು. ಪ್ರತಿ ಆಯ್ಕೆಯನ್ನೂ ಸುಳ್ಳೆಂದು ಇಟ್ಟುಕೊಂಡು ಓದಲು ಸಮಯವೆಲ್ಲಿ?

ಉತ್ತರ:
ಎಲ್ಲವನ್ನೂ ಹಾಗೆ ಓದಬೇಕಿಲ್ಲ. ‘ಎಲ್ಲ’, ‘ಎಂದಿಗೂ’, ‘ಮಾತ್ರ’ ಎಂಬ ಬಿಗಿ ಪದಗಳಿರುವ ಆಯ್ಕೆಗಳಿಗೆ ಭಾಗದಲ್ಲೂ ಅಷ್ಟೇ ಬಿಗಿಯಾದ ಆಧಾರವಿದೆಯೇ ಎಂದು ಮೊದಲು ನೋಡಿದರೆ ಸಾಮಾನ್ಯವಾಗಿ ಎರಡು ಉಳಿಯುತ್ತವೆ. ಉಪಾಯ ಆ ಎರಡಕ್ಕೆ ಸಾಕು. ತಪ್ಪಿಗೆ ಮೂರನೆಯ ಒಂದರಷ್ಟು ಅಂಕ ಕಳೆಯುವ ಪತ್ರಿಕೆ ಇದು, ಆದ್ದರಿಂದ ಯಾವ ವಾಕ್ಯದ ಮೇಲೆ ನಿಮ್ಮ ಉತ್ತರ ನಿಂತಿದೆಯೋ ಅದರ ಮೇಲೆ ಬೆರಳಿಡಲು ಆಗದಿದ್ದರೆ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ. ಹೋದ ವಾರ ತಪ್ಪಾದ ಆ ಮೂರನ್ನೂ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.