ಸಸ್ಯಾಹಾರಿಯೊಬ್ಬ ಸಣ್ಣ ಇಜಕಾಯಾಗೆ ಒಂಟಿಯಾಗಿ ಹೋಗಬಹುದೇ?

ಹೊಸಬ, ನಿಶಿಕಸಾಯಿ, ಟೋಕಿಯೋ:
ನಮ್ಮ ಓಣಿಯಲ್ಲಿ ಕೆಂಪು ಕಾಗದದ ಲಾಟೀನು ತೂಗುಹಾಕಿದ ಪುಟ್ಟ ಇಜಕಾಯಾ, ಅಂದರೆ ಕುಡಿಯುತ್ತ ತಿನ್ನುವ ಜಪಾನಿ ಅಂಗಡಿ, ಇದೆ. ಸಂಜೆಯಾದರೆ ಒಳಗೆಲ್ಲ ನಗು. ನಾನು ಬಾಗಿಲ ಪರದೆಯವರೆಗೆ ಹೋಗಿ ಹಿಂದಿರುಗುತ್ತೇನೆ. ಬಿಯರ್ ಕುಡಿಯುತ್ತೇನೆ, ಮೀನು ಮಾಂಸ ಮುಟ್ಟುವುದಿಲ್ಲ. ಕೇಳದಿದ್ದರೂ ಒಂದು ಬಟ್ಟಲು ತಂದಿಟ್ಟು ದುಡ್ಡು ಹಾಕುತ್ತಾರಂತೆ, ನಿಜವೇ?

ಎದೋಗಾವಾದ ಹಳಬ:
ನಿಜ. ಅದು ಒತೋಶಿ, ಹೆಚ್ಚಾಗಿ 300ರಿಂದ 500 ಯೆನ್. ಕೂತ ಜಾಗದ ಬಾಡಿಗೆ ಎಂದುಕೊಂಡು ಕೊಟ್ಟುಬಿಡಿ. ಟಿಪ್ಸ್ ಕೊಡುವ ರೂಢಿ ಹೇಗೂ ಇಲ್ಲ. ಬಟ್ಟಲಲ್ಲಿ ಏನು ಬರುತ್ತದೆಂಬುದು ಯಜಮಾನರ ಇಷ್ಟ. ಬರಿಯ ತರಕಾರಿಯಂತೆ ಕಂಡರೂ ಬೆಂದಿರುವುದು ಬಹುಮಟ್ಟಿಗೆ ಒಣಮೀನಿನ ದಾಶಿ ಎಂಬ ಸಾರಿನಲ್ಲಿ. ಮಾಂಸ ಬೇಡವೆಂದರೆ ಮೀನು ತರುತ್ತಾರೆ, ಮೀನು ಬೇಡವೆಂದರೆ ದಾಶಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ಸಹಿಸುತ್ತೀರೋ ಇಲ್ಲವೋ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ.

ಉಪ್ಪು ಹಾಕಿ ಬೇಯಿಸಿದ ಎದಮಾಮೆ, ಅಂದರೆ ಎಳೆಯ ಸೋಯಾ ಕಾಯಿ, ಕೇಳಿ. ತಣ್ಣನೆಯ ತೋಫು ಬೇಕಿದ್ದರೆ ‘ಕತ್ಸುಒಬುಶಿ ನಾಶಿ’ ಎನ್ನಿ, ಇಲ್ಲವಾದರೆ ಮೇಲೆ ಒಣಮೀನಿನ ತುರಿ ಉದುರಿಸುತ್ತಾರೆ. ಆಲೂಗಡ್ಡೆ ಸಲಾಡನ್ನು ನಂಬಬೇಡಿ, ಅದರಲ್ಲಿ ಹ್ಯಾಮ್ ಅಡಗಿರುತ್ತದೆ.

ಕುಡಿಯುವುದನ್ನು ಮೊದಲು ಹೇಳಬೇಕು, ತಿನ್ನುವುದು ಆಮೇಲೆ. ಪಕ್ಕದವರ ಮುಂದೆ ಹೊಪ್ಪಿ ಬಾಟಲಿ ಕಂಡರೆ ನೀವೂ ತರಿಸಿ. 1948ರಿಂದ ಟೋಕಿಯೋದವರ ಅಗ್ಗದ ಪಾನೀಯ ಅದು. ಬಾಟಲಿಯಲ್ಲಿ ಮದ್ಯಾಂಶ ಶೇಕಡ 0.8 ಮಾತ್ರ, ಗ್ಲಾಸಿನಲ್ಲಿರುವ ಶೋಚೂ ಎಂಬ ಗಟ್ಟಿ ಮದ್ಯಕ್ಕೆ ಬೆರೆಸಿಕೊಳ್ಳಬೇಕು. ಶೋಚೂ ಮುಗಿದಾಗ ‘ನಾಕಾ’ ಎಂದರೆ ಅದಷ್ಟನ್ನೇ ಮತ್ತೆ ಸುರಿಯುತ್ತಾರೆ. ಬಾಟಲಿ ಒಂದೇ ಎಂದು ಮೈಮರೆಯಬೇಡಿ, ನಾಕಾ ಎಷ್ಟಾಯಿತೆಂದು ಎಣಿಸಿ! ಖಾಲಿ ಕುರ್ಚಿ ಕಂಡಲ್ಲಿ ಕೂರಬೇಡಿ, ಯಜಮಾನರು ತೋರಿಸಿದಲ್ಲಿ ಕೂತುಕೊಳ್ಳಿ. ಮೂಲೆಯ ಜಾಗ ಯಾವುದೋ ಅಜ್ಜನದಾಗಿರುತ್ತದೆ.

ಕಸಾಯಿ ಬಡಾವಣೆಯ ಗೃಹಿಣಿ:
ಬಾಗಿಲಿನ ಚೀಟಿಯನ್ನೂ ನೋಡಿ. 2020ರ ಏಪ್ರಿಲ್‌ನಿಂದ ಹೋಟೆಲುಗಳ ಒಳಗೆ ಧೂಮಪಾನಕ್ಕೆ ನಿರ್ಬಂಧವಿದೆ. ಆದರೂ ಟೋಕಿಯೋದಲ್ಲಿ ಕೆಲಸದಾಳುಗಳಿಲ್ಲದ ಹಳೆಯ ಸಣ್ಣ ಅಂಗಡಿಗಳಿಗೆ ವಿನಾಯಿತಿ ಸಿಗುತ್ತದೆ. ಅಂಥಲ್ಲಿಗೆ 20 ತುಂಬದವರನ್ನು ಬಿಡುವಂತಿಲ್ಲ. ಹಳಬರು ಇದನ್ನು ಹೇಳಲಿಲ್ಲ, ಅವರೇ ಸೇದುತ್ತಾರೇನೋ.

ಹೊಸಬ:
ಇಷ್ಟರಿಂದ ಹೊಟ್ಟೆ ತುಂಬುವುದೇ ಸರ್?

ಎದೋಗಾವಾದ ಹಳಬ:
ಮೇಡಂ, ಸೇದುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೊಸಬರೇ, ಕೊನೆಗೆ ಉಮೆ ಎಂಬ ಹಣ್ಣಿನ ಹುಳಿ ಉಪ್ಪಿನಕಾಯಿ ತುಂಬಿದ ಒನಿಗಿರಿ, ಅಂದರೆ ಅನ್ನದ ಉಂಡೆ, ಕೇಳಿ. ನೋಟು ಜೇಬಿನಲ್ಲಿರಲಿ, ಕಾರ್ಡ್ ತೆಗೆದುಕೊಳ್ಳದ ಅಂಗಡಿಗಳು ಇನ್ನೂ ಇವೆ.