‘ಸಿಂಗಲ್ ಒರಿಜಿನ್’ ಕಾಫಿಗೆ ‘ಏಕಮೂಲ’ ಸರಿಯೇ? ಜೊತೆಗೆ ಇನ್ನೂ ಕೆಲವು ಪದಗಳು

ಗೆಳೆಯರೇ,

ಸ್ಪೆಷಾಲಿಟಿ ಕಾಫಿಗಳ, ಅಂದರೆ ರುಚಿ ನೋಡಿ ಆರಿಸಿದ ಮೇಲ್ದರ್ಜೆಯ ಕಾಫಿಗಳ, ಬಗ್ಗೆ ಒಂದು ಪರಿಚಯ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಕಾಫಿ ಬೆಳೆಯುವವರು, ರುಚಿ ನೋಡುವ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ ನಿಮ್ಮ ಬಾಯಲ್ಲಿ ಓಡಾಡುವ ಮಾತುಗಳನ್ನು ಹೇಳಿ. ನಿಘಂಟು ನಾನೂ ನೋಡಿದ್ದೇನೆ, ಅದರಿಂದ ಹೆಚ್ಚೇನೂ ಸಿಗಲಿಲ್ಲ.

ಮೊದಲು ‘ಸಿಂಗಲ್ ಒರಿಜಿನ್’, ಅಂದರೆ ಬೇರೆ ಬೇರೆ ಕಡೆಯ ಬೀಜ ಸೇರಿಸದೆ ಒಂದೇ ಕಡೆ ಬೆಳೆದದ್ದರಿಂದ ಮಾಡಿದ ಕಾಫಿ. ‘ಏಕಮೂಲ’ ಅಂದರೆ ಯಾವುದೋ ಗಣಿತದ ಲೆಕ್ಕದ ಹಾಗೆ ಕೇಳಿಸುತ್ತದೆ. ‘ಬೆರಕೆಯಿಲ್ಲದ ಕಾಫಿ’ ಅಂದರೆ ಚಿಕೋರಿ ಹಾಕಿಲ್ಲ ಅಂತಲೇ ಓದುಗರು ತಿಳಿಯುತ್ತಾರೆ. ಅದೂ ಅಲ್ಲದೆ ಬೆರಕೆ ಅಂದ ಕೂಡಲೇ ಕಲಬೆರಕೆ ನೆನಪಾಗುತ್ತದೆ. ಎರಡು ಊರಿನ ಒಳ್ಳೆಯ ಬೀಜಗಳನ್ನು ಸೇರಿಸಿ ಹುರಿಯುವುದು ತಪ್ಪೇನಲ್ಲ, ಅಲ್ವಾ?

ನಿಜವಾದ ತೊಡಕು ‘ಒರಿಜಿನ್’ ಅನ್ನುವುದರಲ್ಲೇ ಇದೆ. ಅದು ಬೇಕಾದಷ್ಟು ಹಿಗ್ಗುತ್ತದೆ. ಪೊಟ್ಟಣದ ಮೇಲೆ ಬರೀ ‘ಕೊಲಂಬಿಯಾ’ ಅಂತಿದ್ದರೂ ಅದು ಸಿಂಗಲ್ ಒರಿಜಿನ್. ಇಥಿಯೋಪಿಯಾದ ಯಿರ್ಗಚೆಫೆ ಅಂತ ಒಂದು ಸೀಮೆಯ ಹೆಸರಿದ್ದರೂ ಸಿಂಗಲ್ ಒರಿಜಿನ್. ಪನಾಮಾದ ಅಸಿಯೆಂಡಾ ಲಾ ಎಸ್ಮೆರಾಲ್ಡಾದಂಥ ಒಂದೇ ತೋಟದ, ಅದರಲ್ಲೂ ಒಂದು ತುಂಡು ನೆಲದ ಬೀಜವಾದರೂ ಅದೇ ಹೆಸರು. ಇಷ್ಟು ದೊಡ್ಡ ವ್ಯತ್ಯಾಸವನ್ನು ಇಂಗ್ಲಿಷ್ ಮುಚ್ಚಿಡುತ್ತದೆ. ನಾವೂ ಯಾಕೆ ಮುಚ್ಚಿಡಬೇಕು? ‘ಒಂದೇ ದೇಶದ’, ‘ಒಂದೇ ಸೀಮೆಯ’, ‘ಒಂದೇ ತೋಟದ’ ಅಂತ ಬಿಡಿಸಿ ಬರೆಯೋಣ ಅನ್ನುವುದು ನನ್ನ ವಾದ. ಒಟ್ಟಾಗಿ ಹೇಳಬೇಕಾದ ಕಡೆ ‘ಒಂದೇ ನೆಲದ ಕಾಫಿ’ ಆಗಬಹುದೇ?

ಎಸ್ಮೆರಾಲ್ಡಾದ ಮಾತು ಬಂತು, ಅಲ್ಲಿ ಇನ್ನೊಂದು ಚಿಕ್ಕ ಪ್ರಶ್ನೆ ಇದೆ. 2004ರ ಪನಾಮಾ ಹರಾಜಿನಲ್ಲಿ ಆ ತೋಟದ ಕಾಫಿ ಪೌಂಡಿಗೆ 20 ಡಾಲರ್ ದಾಟಿ, ‘ಗೆಶಾ’ ಅನ್ನುವ ತಳಿಯ ಹೆಸರು ಎಲ್ಲರ ಬಾಯಿಗೆ ಬಂತು. ಇಂಗ್ಲಿಷಿನಲ್ಲಿ ಅದನ್ನು ‘ಗೀಶಾ’ ಅಂತ, ಜಪಾನಿನ ನರ್ತಕಿಯರ ಹೆಸರಿನ ಹಾಗೇ ಬರೆಯುವವರಿದ್ದಾರೆ. ಜಪಾನಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಥಿಯೋಪಿಯಾದ ನೈಋತ್ಯದಲ್ಲಿ ಗೆಶಾ ಅನ್ನುವ ಜಾಗವಿದೆ. 1930ರ ದಶಕದಲ್ಲಿ ಆ ಕಡೆಯಿಂದ ತಂದ ಬೀಜ, ಕೋಸ್ಟರಿಕಾ ದಾಟಿ ಪನಾಮಾಕ್ಕೆ ಹೋಯಿತು. ನಾವು ಸುಮ್ನೆ ‘ಗೆಶಾ’ ಅಂತ ಬರೆದರೆ ಗೊಂದಲ ಇಲ್ಲ.

ಇನ್ನು ಪೊಟ್ಟಣದ ಮೇಲೆ ಕಾಣುವ ‘ಪ್ರೊಡ್ಯೂಸರ್’ ಅನ್ನುವ ಸಾಲು. ‘ಬೆಳೆಗಾರ’ ಅನ್ನುವುದು ಒಳ್ಳೆಯ ಪದವೇ. ಆದರೆ ಇಥಿಯೋಪಿಯಾ, ಕೀನ್ಯಾಗಳ ಪೊಟ್ಟಣದಲ್ಲಿ ಆ ಸಾಲಿನಲ್ಲಿರುವ ಹೆಸರು ಎಷ್ಟೋ ಸಲ ಬೆಳೆಗಾರನದ್ದಲ್ಲ. ಸುತ್ತಮುತ್ತಲಿನ ನೂರಾರು ಸಣ್ಣ ರೈತರು ಹಣ್ಣು ತಂದು ಸುರಿಯುವ ಕೇಂದ್ರದ್ದು. ಅಲ್ಲಿ ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದು, ಒಣಗಿಸುತ್ತಾರೆ. ಕೀನ್ಯಾದಲ್ಲಿ ಇದನ್ನು ‘ಫ್ಯಾಕ್ಟರಿ’ ಅನ್ನುತ್ತಾರೆ. ‘ಕಾರ್ಖಾನೆ’ ಅಂತ ಬರೆದರೆ ಹೊಗೆಕೊಳವೆ ಕಣ್ಣಿಗೆ ಬರುತ್ತದೆ. ‘ತೊಳೆಯುವ ಕೇಂದ್ರ’ ಅಂದರೆ ಸಾಕೇ?

ಸಂಸ್ಕರಣೆಯ ಪದಗಳಲ್ಲಿ ‘ವಾಷ್ಡ್’ಗೆ ‘ತೊಳೆದು ಒಣಗಿಸಿದ್ದು’ ಅನ್ನಬಹುದು. ‘ನ್ಯಾಚುರಲ್’ ಕಷ್ಟ. ‘ನೈಸರ್ಗಿಕ’ ಅಂದರೆ ರಾಸಾಯನಿಕ ಇಲ್ಲದ್ದು ಅಂತ ಓದಿಕೊಳ್ಳುತ್ತಾರೆ. ಅದು ಇಡೀ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಅಷ್ಟೆ. ನಮ್ಮ ಬೆಳೆಗಾರರು ಅದಕ್ಕೆ ‘ಚೆರ್ರಿ’ ಅನ್ನುತ್ತಾರೆ, ತೊಳೆದದ್ದಕ್ಕೆ ‘ಪಾರ್ಚ್‌ಮೆಂಟ್’. ಆದರೆ ಬೇರೆ ಕಡೆಯ ಬರಹಗಳಲ್ಲಿ ಚೆರ್ರಿ ಅಂದರೆ ಗಿಡದ ಮೇಲಿರುವ ಹಸಿ ಹಣ್ಣು. ಒಂದೇ ಪುಟದಲ್ಲಿ ಎರಡೂ ಅರ್ಥ ಬಂದರೆ ಓದುಗನ ಗತಿ ಏನು? ‘ಹಣ್ಣೊಣಗು’ ಅಂತ ನಾನೇ ಒಂದು ಪದ ಕಟ್ಟಿದ್ದೇನೆ. ಬೈಯುವವರು ಬೈಯಬಹುದು.

‘ಹನಿ ಪ್ರೋಸೆಸ್’ಗೆ ‘ಜೇನು ಸಂಸ್ಕರಣೆ’ ಬೇಡವೇ ಬೇಡ. ಅದರಲ್ಲಿ ಜೇನು ಒಂದು ತೊಟ್ಟೂ ಇರುವುದಿಲ್ಲ. ಸಿಪ್ಪೆ ಸುಲಿದ ಮೇಲೆ ಬೀಜಕ್ಕೆ ಅಂಟಿಕೊಂಡಿರುವ ಲೋಳೆಯನ್ನು ಪೂರ್ತಿ ತೆಗೆಯದೆ ಒಣಗಿಸುತ್ತಾರೆ. ‘ಲೋಳೆ’ ಅಂದರೆ ಕುಡಿಯುವವರಿಗೆ ಇಷ್ಟವಾಗಲಿಕ್ಕಿಲ್ಲ. ‘ಅಂಟು ಉಳಿಸಿ ಒಣಗಿಸಿದ್ದು’ ಅಂದರೆ?

ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ‘ಅಸಿಡಿಟಿ’. ‘ಆಮ್ಲೀಯತೆ’ ಅಂದರೆ ಹೊಟ್ಟೆಯುರಿ, ಮಾತ್ರೆ ನೆನಪಾಗುತ್ತವೆ. ‘ಹುಳಿ’ ಅಂದರೆ ಕೆಟ್ಟಿದೆ ಅನ್ನುತ್ತಾರೆ. ಆದರೆ ಸ್ಪೆಷಾಲಿಟಿ ಕಾಫಿಯವರಿಗೆ ಇದು ಹೊಗಳಿಕೆಯ ಮಾತು. ಎತ್ತರದ ತಂಪು ಜಾಗದಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಈ ಹುಳಿಯೂ ಚುರುಕಾಗುತ್ತದೆ. ಕೀನ್ಯಾದ ಎಸ್‌ಎಲ್ 28 ತಳಿಯ ಕಾಫಿಯನ್ನು ಜನ ಹುಡುಕಿಕೊಂಡು ಹೋಗುವುದೇ ಇದಕ್ಕೆ. ಹಾಗಾಗಿ ‘ಹುಳಿ’ ಪದವನ್ನು ಬಿಟ್ಟುಕೊಡಬಾರದು ಅನ್ನಿಸುತ್ತದೆ. ಅದರ ಹಿಂದೆ ಹಣ್ಣಿನ ಹೆಸರು ಸೇರಿಸಿದರೆ ಸಾಕು: ನಿಂಬೆಹುಳಿ, ಸೇಬಿನ ಹುಳಿ. ಇದು ಬರೀ ಅಲಂಕಾರವೂ ಅಲ್ಲ. ನಿಂಬೆಯಲ್ಲಿರುವ ಸಿಟ್ರಿಕ್, ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲಗಳು ಕಾಫಿ ಬೀಜದಲ್ಲೂ ಇವೆ. ಹದ ಮೀರಿ ಹುದುಗಿ ವಿನೆಗರ್ ನಾತ ಬಂದರೆ ಅದಕ್ಕೆ ‘ಹುಳಿತದ್ದು’ ಅನ್ನೋಣ. ಹುಳಿ ಗುಣ, ಹುಳಿತದ್ದು ದೋಷ. ಈ ಭೇದ ಕನ್ನಡದಲ್ಲಿ ಆಗಲೇ ಇದೆ, ಬಳಸಿಕೊಂಡರಾಯಿತು.

‘ಬಾಡಿ’ಗೆ ‘ಗಟ್ಟಿ’ ಆಗುವುದಿಲ್ಲ. ಗಟ್ಟಿ ಕಾಫಿ ಅಂದರೆ ಪುಡಿ ಜಾಸ್ತಿ ಹಾಕಿದ್ದು. ಇಲ್ಲಿ ಹೇಳಬೇಕಾದದ್ದು ನಾಲಿಗೆಯ ಮೇಲಿನ ಭಾರ. ಸುಮಾತ್ರಾದಲ್ಲಿ ಬೀಜ ಇನ್ನೂ ಒದ್ದೆಯಿರುವಾಗಲೇ ಒಳಸಿಪ್ಪೆ ತೆಗೆಯುತ್ತಾರೆ. ಅಲ್ಲಿನ ಕಾಫಿ ಹುಳಿ ಕಡಿಮೆ, ಮಣ್ಣಿನ ವಾಸನೆ, ಬಾಯಿ ತುಂಬುವಂಥದ್ದು. ‘ಮಂದ’ ಅಂದರೆ ಸರಿಹೋಗುತ್ತದೆ, ಅದರ ಎದುರು ‘ತೆಳು’. ಆದರೆ ‘ಮಂದ’ಕ್ಕೆ ಜಡ ಅನ್ನುವ ಅರ್ಥವೂ ಇದೆಯಲ್ಲ, ಅದೊಂದು ಅಳುಕು.

ಕೊನೆಯದಾಗಿ ರುಚಿಯ ಹೋಲಿಕೆಗಳು. ತೊಳೆದ ಯಿರ್ಗಚೆಫೆ ಕಾಫಿಯ ಪರಿಮಳಕ್ಕೆ ‘ಮಲ್ಲಿಗೆ’ ಅಂತ ಬರೆದರೆ ಮಲ್ಲಿಗೆ ಹಾಕಿದ್ದಾರೆ ಅಂದುಕೊಳ್ಳುವವರಿದ್ದಾರೆ. ಅದಕ್ಕೆ ‘ಮಲ್ಲಿಗೆಯ ಸುಳಿವು’ ಅಂತ ಬರೆದಿದ್ದೇನೆ. ಕೀನ್ಯಾದ ಕಾಫಿಗೆ ಹೇಳುವ ‘ಬ್ಲ್ಯಾಕ್ ಕರಂಟ್’ ಹಣ್ಣನ್ನು ನಮ್ಮಲ್ಲಿ ತಿಂದವರು ಕಡಿಮೆ. ‘ನೇರಳೆ’ ಅನ್ನೋಣವೆಂದರೆ ನೇರಳೆಗೆ ಒಗರು ಜಾಸ್ತಿ. ಬಣ್ಣ ಹೊಂದುತ್ತದೆ, ನಾಲಿಗೆ ಒಪ್ಪುವುದಿಲ್ಲ. ಎರಡನ್ನೂ ತಿಂದವರು ಯಾರಾದರೂ ಇದ್ದರೆ, ಹತ್ತಿರದ ಹಣ್ಣು ಯಾವುದು ಅಂತ ಹೇಳಿ.